ಕಾಫಿ ಚರಟದ ಮರುಬಳಕೆ: ಕೆಫೆಯ ಬಕೆಟ್ಟಿನಿಂದ ಕೈತೋಟದ ಗುಡ್ಡೆಗೆ

ಕಾಫಿ ಚರಟದ ಲೆಕ್ಕವನ್ನು ನೀರಿನಿಂದಲೇ ಶುರು ಮಾಡಬೇಕು. ಎಸ್ಪ್ರೆಸೊ ಯಂತ್ರದ ಒಂದು ಡಬಲ್ ಶಾಟ್‌ಗೆ ಸುಮಾರು 18 ಗ್ರಾಂ ಪುಡಿ ಬೇಕು. ಬಿಲ್ಲೆಯಾಗಿ ಹೊರಬೀಳುವ ಚರಟ 30 ಗ್ರಾಂ ದಾಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ದಿನಕ್ಕೆ 300 ಡಬಲ್ ಶಾಟ್ ತೆಗೆಯುವ ಕೆಫೆಯಲ್ಲಿ ಹತ್ತಿರ ಹತ್ತಿರ 10 ಕೆ.ಜಿ. ಚರಟ ಸಿಗುತ್ತದೆ, ಅಂದರೆ 20 ಲೀಟರಿನ ಒಂದು ಬಕೆಟ್. ಅದನ್ನು ಊರಾಚೆಗೆ ಸಾಗಿಸಿದರೆ ಡೀಸೆಲ್ ಸುಟ್ಟು ನೀರು ಹೊತ್ತಂತೆ. ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಕಂಪನಿಗಳು ಹಿಡಿದ ದಾರಿಗಳನ್ನು ಈ ಕಣ್ಣಿನಿಂದ ನೋಡಿ. ಸ್ಟಾರ್‌ಬಕ್ಸ್ 1995ರಲ್ಲಿ ಶುರು ಮಾಡಿದ್ದು ತೀರಾ ಸರಳ: ಚರಟವನ್ನು ಚೀಲಕ್ಕೆ ತುಂಬಿ, ತೋಟ ಮಾಡುವ ಗಿರಾಕಿಗಳಿಗೆ ಪುಕ್ಕಟೆ ಕೊಡುವುದು. ಇಂಗ್ಲೆಂಡಿನ ಬಯೋ-ಬೀನ್ ಕಂಪನಿ ಕೋಸ್ಟಾದಂಥ ಕೆಫೆ ಸರಣಿಗಳಿಂದ ಚರಟ ತರಿಸಿ, ಕಾರ್ಖಾನೆಯಲ್ಲಿ ಒಣಗಿಸಿ, ಒಲೆಗೆ ಹಾಕುವ ಕೊರಡು ಮಾಡುತ್ತಿತ್ತು. 2023ರಲ್ಲಿ ಅದು ಮುಚ್ಚಿತು. ಜಪಾನಿನಲ್ಲಿ ಒಣಗಿಸುವ ಗೋಜೇ ಇಲ್ಲದ ಉಪಾಯವೊಂದಿದೆ: ಹಸಿ ಚರಟವನ್ನು ಗಾಳಿಯಾಡದಂತೆ ಕಟ್ಟಿ, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾದಿಂದ ಹುಳಿಯಿಸಿ, ಹಸುಗಳ ಮೇವಿಗೆ ಬೆರೆಸುತ್ತಾರೆ. ನಮ್ಮ ರೈತರ ರಸಮೇವಿನ ತತ್ವವೇ ಅದು.

ಬಡಾವಣೆಯ ತೋಟಕ್ಕೆ ಒಗ್ಗುವುದು ಕಾಂಪೋಸ್ಟ್. ಇಲ್ಲಿ ಹೊಸಬರು ಎಡವುವುದು ಬಣ್ಣದಿಂದ. ಚರಟ ಕಂದು ಬಣ್ಣದ್ದಾದರೂ ಅದನ್ನು ತರಗೆಲೆಯ ಸಾಲಿಗೆ ಸೇರಿಸಬಾರದು. ಅದರಲ್ಲಿ ಸುಮಾರು ಶೇ. 2ರಷ್ಟು ಸಾರಜನಕವಿದೆ, ಹಾಗಾಗಿ ಅದು ಹಸಿ ಕಸದ ಸಾಲಿಗೆ ಸೇರುತ್ತದೆ. ಗುಡ್ಡೆಯ ಒಟ್ಟು ಗಾತ್ರದಲ್ಲಿ ಚರಟ ಐದರಲ್ಲಿ ಒಂದು ಪಾಲು ಮೀರದಿರಲಿ: ಒಂದು ಬಕೆಟ್ ಚರಟ, ಒಂದು ಬಕೆಟ್ ತರಕಾರಿ ಸಿಪ್ಪೆ, ಮೂರು ಬಕೆಟ್ ಒಣ ಎಲೆ. ಬಿಲ್ಲೆಗಳನ್ನು ಕೈಯಿಂದ ಪುಡಿ ಮಾಡಿಯೇ ಹಾಕಿ. ಇಡಿಯಾಗಿ ಹಾಕಿದರೆ ಒಳಗೆ ಗಾಳಿ ಹೋಗದೆ ತಿಂಗಳಾದರೂ ಬಿಲ್ಲೆ ಬಿಲ್ಲೆಯಾಗೇ ಉಳಿದಿರುತ್ತದೆ. ಗುಡ್ಡೆ ಉದ್ದ, ಅಗಲ, ಎತ್ತರ ಮೂರರಲ್ಲೂ ಒಂದು ಮೀಟರ್ ಇದ್ದರೆ ಕಾವು ನಿಲ್ಲುತ್ತದೆ. ವಾರಕ್ಕೊಮ್ಮೆ ತಿರುವಿ ಹಾಕಿ. ಒಂದು ಹಿಡಿ ತೆಗೆದು ಹಿಂಡಿದಾಗ ಒಂದೆರಡು ಹನಿ ಜಿನುಗಿದರೆ ಹದ ಸರಿಯಿದೆ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿದರೆ ಎಲೆ ಸೇರಿಸಿ. ಮೂಗಿಗೆ ಅಮೋನಿಯಾದ ಘಾಟು ಹೊಡೆದರೂ ಮದ್ದು ಅದೇ ಎಲೆ.

ಹಸಿ ಚರಟವನ್ನು ನೇರ ಕುಂಡಕ್ಕೆ ಸುರಿಯುವ ಸಲಹೆಯನ್ನು ನಾವು ಒಪ್ಪುವುದಿಲ್ಲ. ಅದು ಒಣಗಿ ಹಪ್ಪಳದಂತೆ ಗಟ್ಟಿಯಾಗಿ ನೀರು ಇಳಿಯಗೊಡುವುದಿಲ್ಲ. ಕೊಳೆಯದ ಚರಟ ಸಸಿಗಳ ಬೆಳವಣಿಗೆಯನ್ನೂ ತಡೆಯುತ್ತದೆ. ಮಣ್ಣನ್ನು ಹುಳಿ ಮಾಡಲು ಇದನ್ನು ನಂಬಿಕೊಳ್ಳುವುದೂ ತಪ್ಪು: ಹುಳಿಯ ಬಹುಪಾಲು ಲೋಟಕ್ಕೆ ಇಳಿದು ಹೋಗಿರುತ್ತದೆ.

ಚಿಪ್ಪಣಬೆ ಬೆಳೆಸುವುದಾದರೆ ಅದೇ ದಿನದ ಚರಟವೇ ಆಗಬೇಕು. ಬಿಸಿನೀರು ಹಾಯ್ದಿರುವುದರಿಂದ ಬೇರೆ ಬೂಷ್ಟಿನ ಕಾಟ ಸ್ವಲ್ಪ ಹೊತ್ತು ಕಡಿಮೆ ಇರುತ್ತದೆ. ಆ ಅವಕಾಶ 24 ಗಂಟೆ ಮೀರುವುದಿಲ್ಲ. ತೂಕದ ಶೇ. 10ರಿಂದ 20ರಷ್ಟು ಅಣಬೆ ಬೀಜ ಬೆರೆಸಿ, ಜೊತೆಗೆ ಬೇಯಿಸಿ ಆರಿಸಿದ ಭತ್ತದ ಹುಲ್ಲು ಸೇರಿಸಿದರೆ ಗಾಳಿಯಾಡುತ್ತದೆ. ಅಣಬೆ ಬೆಳೆಸುವ ಚೀಲದಲ್ಲಿ ಹಸಿರು ಮಚ್ಚೆ ಕಂಡರೆ ಅದು ಟ್ರೈಕೋಡರ್ಮಾ ಎಂಬ ಬೂಷ್ಟು. ಆ ಚೀಲವನ್ನು ಒಳಗೆ ಬಿಚ್ಚದೆ ಹೊರಗೊಯ್ದುಬಿಡಿ.

ಫಿಲ್ಟರ್ ಕಾಫಿ ಹೋಟೆಲಿನ ಚರಟದಲ್ಲಿ ಚಿಕೋರಿಯೂ ಇರುತ್ತದೆ. ಅದು ನೆನೆದು ಮೆತ್ತಗಾಗಿ ನೀರು ಹಿಡಿದುಕೊಳ್ಳುವುದರಿಂದ ಎಲೆಯ ಪಾಲು ಇನ್ನಷ್ಟು ಹೆಚ್ಚಿಸಿ.

ಕೆಫೆಯ ಜೊತೆ ಮಾತುಕತೆಗೆ ಕೂತಾಗ ಮೂರು ವಿಷಯ ಬರವಣಿಗೆಯಲ್ಲಿರಲಿ: ಚರಟದ ಬಕೆಟ್ಟಿಗೆ ಹಾಲಿನ ಪ್ಯಾಕೆಟ್, ಸಕ್ಕರೆ ಪೊಟ್ಟಣ, ಕಾಫಿ ಲೋಟ ಬೀಳಕೂಡದು, ತುಂಬಿದ ಬಕೆಟ್ ಒಯ್ಯುವಾಗಲೇ ತೊಳೆದ ಖಾಲಿ ಬಕೆಟ್ ಇಟ್ಟು ಬರಬೇಕು, ದಿನಕ್ಕೆ ಎಷ್ಟು ಬಕೆಟ್ ಎಂಬುದನ್ನು ತೋಟದವರೇ ಹೇಳಬೇಕು. ಒಪ್ಪಂದ ಮುರಿದುಬೀಳುವುದು ಹೆಚ್ಚಾಗಿ ಈ ಮೂರನೆಯದರಲ್ಲಿ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ರಾಶಿ ಉದುರುತ್ತದೆ, ಜುಲೈಯಲ್ಲಿ ಒಣ ಎಲೆ ಹುಡುಕಿದರೂ ಸಿಗದು. ಕಾಫಿ ಮಾತ್ರ ವರ್ಷವಿಡೀ ಹರಿಯುತ್ತದೆ. ಬೇಸಗೆಯಲ್ಲೇ ಎಲೆಯನ್ನು ಮೂಟೆ ಕಟ್ಟಿ ಮಳೆ ತಾಗದ ಕಡೆ ಇಡಿ. ಮೂಟೆ ಎಣಿಸಿ, ಮಳೆಗಾಲದ ಬಕೆಟ್ ಸಂಖ್ಯೆಯನ್ನು ಆ ಲೆಕ್ಕದಿಂದಲೇ ಕೆಫೆಗೆ ತಿಳಿಸಿ.