ಮಾತ್ರೆ ಬಿಟ್ಟು ಮೂರು ವರ್ಷವಾಯಿತು, ಏನೂ ಆಗಿಲ್ಲವಲ್ಲ!

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಗೃಹಿಣಿಯೊಬ್ಬರು ಶಿರಸಿಯ ನನ್ನ ಚಿಕಿತ್ಸಾಲಯಕ್ಕೆ ಬಂದರು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಅದು ಹೊರಗಿನ ಮೆಟ್ಟಿಲ ಮೇಲೆಯೇ ಕಳಚಿಕೊಂಡಿತ್ತು, ಅವರಿಗೆ ತಿಳಿದೇ ಇರಲಿಲ್ಲ. ನಾಲಿಗೆ ಕೆಂಪಗೆ, ನುಣ್ಣಗಾಗಿತ್ತು. ಹಿಂದೆ ಆಪರೇಷನ್ ಏನಾದರೂ ಆಗಿದೆಯೇ ಎಂದರೆ ಇಲ್ಲ ಎಂದರು. ಹೊಟ್ಟೆ ಪರೀಕ್ಷಿಸುವಾಗ ಬೆರಳುಗುರಿನಷ್ಟು ಚಿಕ್ಕ ಐದು ಕಲೆಗಳು ಕಂಡವು.

"ತೂಕ ಇಳಿಸಲು ನಾಲ್ಕು ವರ್ಷದ ಹಿಂದೆ ಮಾಡಿಸಿಕೊಂಡೆ ಡಾಕ್ಟರೇ. ಊರಿನಲ್ಲಿ ಯಾರಿಗೂ ಹೇಳಿಲ್ಲ."

"ಆಪರೇಷನ್ ಆದ ಮೇಲೆ ತೆಗೆದುಕೊಳ್ಳಬೇಕಾದ ಜೀವಸತ್ವದ ಮಾತ್ರೆ?"

"ಒಂದು ವರ್ಷ ತೆಗೆದುಕೊಂಡೆ. ಆಮೇಲೆ ಎಲ್ಲ ಚೆನ್ನಾಗಿಯೇ ಇತ್ತಲ್ಲ."

ಈ ಕೊನೆಯ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಶಸ್ತ್ರಚಿಕಿತ್ಸಕನಲ್ಲ, ಫಿಜಿಷಿಯನ್. ನಮ್ಮ ಜಿಲ್ಲೆಯವರು ಹುಬ್ಬಳ್ಳಿಗೋ ಮಂಗಳೂರಿಗೋ ಗೋವೆಗೋ ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಆಮೇಲಿನ ವರ್ಷಗಳನ್ನು ನೋಡುವವರು ನನ್ನಂಥವರು.

ಆಪರೇಷನ್ ಬೇಡವೆಂದು ನಾನು ಹೇಳುವವನಲ್ಲ. ಬಾಡಿ ಮಾಸ್ ಇಂಡೆಕ್ಸ್, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 35 ದಾಟಿದವರಿಗೆ, ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ 30 ದಾಟಿದವರಿಗೂ ಇದನ್ನು ಯೋಚಿಸಬಹುದು. ಎಷ್ಟೋ ಜನರ ಇನ್ಸುಲಿನ್ ನಿಂತದ್ದನ್ನು ನಾನೇ ಕಂಡಿದ್ದೇನೆ. ನಿರೀಕ್ಷೆ ಮಾತ್ರ ಹದದಲ್ಲಿರಲಿ. 65 ಕಿಲೋ ಇರಬೇಕಾದವರು 110 ಕಿಲೋ ಇದ್ದರೆ ಹೆಚ್ಚಿನ ತೂಕ 45 ಕಿಲೋ. ಅದರಲ್ಲಿ ಸುಮಾರು ಅರ್ಧದಿಂದ ಮೂರನೆಯ ಎರಡು ಭಾಗ, ಒಂದೂವರೆ ಎರಡು ವರ್ಷದಲ್ಲಿ ಇಳಿಯುತ್ತದೆ. ಆಮೇಲೆ ಸ್ವಲ್ಪ ಮರಳಿ ಬರುವುದೂ ಉಂಟು. ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಮಗು ಬೇಕೆನ್ನುವವರು ಕನಿಷ್ಠ ಹನ್ನೆರಡರಿಂದ ಹದಿನೆಂಟು ತಿಂಗಳು ತಡೆಯಬೇಕು.

ಇನ್ನು ಯಾರೂ ಕಿವಿಗೆ ಹಾಕಿಕೊಳ್ಳದ ವಿಷಯ. ಈ ಆಪರೇಷನ್‌ನಲ್ಲಿ ಕೊಬ್ಬನ್ನು ತೆಗೆಯುವುದಿಲ್ಲ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಮೂವತ್ತು ಮಿಲಿಲೀಟರ್ ಹಿಡಿಯುವಷ್ಟು ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟದಲ್ಲಿನ ಬಿ12 ಜೀವಸತ್ವ ರಕ್ತಕ್ಕೆ ಸೇರಬೇಕಾದರೆ ಜಠರದ ಆಮ್ಲ ಬೇಕು, ಜಠರವೇ ಒಸರುವ ಒಂದು ಪ್ರೋಟೀನ್ ಕೂಡ ಬೇಕು. ಜಠರದ ಬಹುಭಾಗ ಹೋದ ಮೇಲೆ, ಇಲ್ಲವೇ ಊಟದ ದಾರಿಯಿಂದ ಹೊರಗುಳಿದ ಮೇಲೆ, ಅವು ಸಾಕಷ್ಟು ಎಲ್ಲಿಂದ ಬರಬೇಕು?

ಹಾಗಾದರೆ ಮಾತ್ರೆ ಬಿಟ್ಟವರಿಗೆ ಮರುದಿನವೇ ಏಕೆ ಏನೂ ಆಗುವುದಿಲ್ಲ? ನಮ್ಮ ಯಕೃತ್ತು ಬಿ12 ತುಂಬಿಟ್ಟ ಕಣಜ. ಹೊಸ ಬೆಳೆ ಬಾರದಿದ್ದರೂ ಹಳೆಯ ಭತ್ತದಲ್ಲಿ ಎರಡು ಮೂರು ವರ್ಷ ಮನೆ ನಡೆಯುತ್ತದೆ. ಮನೆಯವರಿಗೆ ಊಟಕ್ಕೇನೂ ಕೊರತೆ ಕಾಣುವುದಿಲ್ಲ. ಕಣಜದ ತಳ ಕಂಡ ದಿನ ಕಾಲಿಗೆ ಜೋಮು ಹಿಡಿಯುತ್ತದೆ, ಚಪ್ಪಲಿ ಕಳಚಿದ್ದು ತಿಳಿಯುವುದಿಲ್ಲ, ಕತ್ತಲೆಯಲ್ಲಿ ನಡೆದರೆ ತೂರಾಡುವಂತಾಗುತ್ತದೆ. ನರಗಳಿಗೆ ಆದ ಹಾನಿ ಬಹಳ ದಿನ ಉಳಿದರೆ ಪೂರ್ತಿ ಸರಿಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಹಾಲು ಮೊಸರು ಬಿಟ್ಟರೆ ಬೇರೇನೂ ಬಿ12 ಸಿಗದ ಸಸ್ಯಾಹಾರಿ ಮನೆಗಳಲ್ಲಿ ಕಣಜ ಮೊದಲೇ ಅರ್ಧ ಖಾಲಿ ಇರುತ್ತದೆ. ಕರಾವಳಿಯವರು ಬಂಗಡೆ ತಿನ್ನುತ್ತೇವೆಂದು ನಿಶ್ಚಿಂತರಾಗುವಂತೆಯೂ ಇಲ್ಲ, ತಿಂದದ್ದು ಒಳಗೆ ಸೇರಬೇಕಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಚೆನ್ನಾಗಿದ್ದೇನೆ ಎಂಬ ಕಾರಣಕ್ಕೆ ಈ ಮಾತ್ರೆಗಳನ್ನು ಬಿಡುವಂತಿಲ್ಲ. ಇವು ಜೀವನಪೂರ್ತಿ.

ಬಿ1 ಮಾತ್ರ ಇದಕ್ಕೆ ತದ್ವಿರುದ್ಧ. ಅದರ ದಾಸ್ತಾನು ಕೆಲವೇ ವಾರಗಳದ್ದು. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿಯಾದರೆ ಅದು ಬೇಗ ಬತ್ತುತ್ತದೆ. ಆಗ ಹತ್ತಿರದ ದವಾಖಾನೆಗೆ ಹೋಗಿ, ಆಪರೇಷನ್ ಸಂಗತಿ ಮುಚ್ಚಿಟ್ಟು, ಸುಸ್ತು ಎಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡರೆ ಮಿದುಳಿಗೇ ಅಪಾಯ. ಮೊದಲು ಬಿ1 ಕೊಡಬೇಕು. ಬೈಪಾಸ್ ಆದವರು ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಊರಿನವರಿಂದ ಮುಚ್ಚಿಡಿ, ಅದು ನಿಮ್ಮ ಇಷ್ಟ. ವೈದ್ಯರಿಂದ ಮುಚ್ಚಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ನಮ್ಮ ಸೀಮೆಯ ಇನ್ನೊಂದು ಮಾತು. ಬೈಪಾಸ್ ಆದ ಅಡಿಕೆ ಕೃಷಿಕರೊಬ್ಬರು ಮಾಘದಲ್ಲಿ ನೆಂಟರ ಆಲೆಮನೆಗೆ ಹೋಗಿ ಎರಡು ಲೋಟ ಕಬ್ಬಿನ ಹಾಲು ಕುಡಿದರು. ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಹೊಟ್ಟೆ ಹಿಂಡಿ ಭೇದಿ. ಹೃದಯಾಘಾತವೆಂದು ಮನೆಯವರು ನನ್ನಲ್ಲಿಗೆ ಓಡಿಬಂದರು. ಸಿಹಿ ಒಮ್ಮೆಲೇ ಕರುಳಿಗೆ ಸುರಿದರೆ ಹೀಗಾಗುತ್ತದೆ. ಸ್ಲೀವ್ ಆದವರಲ್ಲಿ ಇದು ಕಡಿಮೆ. ಆದರೆ ಕಬ್ಬಿನ ಹಾಲು ಎಷ್ಟು ಚಿಕ್ಕ ಜಠರದಿಂದಲೂ ಸಲೀಸಾಗಿ ಇಳಿದುಹೋಗುವುದರಿಂದ, ಅವರಿಗೆ ತೂಕ ಮರಳುವ ದಾರಿ ಅದೇ. ಆ ಯಜಮಾನರಿಗೆ ನಾನು ಗದರಲಿಲ್ಲ. ವರ್ಷಕ್ಕೊಮ್ಮೆ ಗಾಣದ ಎದುರು ನಿಂತು ಬೇಡ ಎನ್ನುವುದು ಎಷ್ಟು ಕಷ್ಟವೆಂದು ಇಲ್ಲೇ ಹುಟ್ಟಿದ ನನಗೆ ಗೊತ್ತು.

ಆದ್ದರಿಂದ ಮಾಡಿಸಲೇ ಬೇಡವೇ ಎಂದು ಕೇಳಲು ಬಂದವರಿಗೆ ನಾನು ತಿರುಗಿ ಕೇಳುವುದು ಇಷ್ಟು: ಐದನೆಯ ವರ್ಷ ನಿಮ್ಮ ರಕ್ತಪರೀಕ್ಷೆ ಎಲ್ಲಿ, ನೋಡುವವರು ಯಾರು? ತಿಂಗಳು ತಿಂಗಳು ಮಾತ್ರೆಗೆ ಹಣ ಎತ್ತಿಡಬಲ್ಲಿರಾ? ಘಟ್ಟ ಹತ್ತಿಳಿದು ಆಸ್ಪತ್ರೆಗೆ ಹೋಗಲು ಮಳೆಗಾಲದಲ್ಲಿ ಆಗದಿದ್ದರೆ ಊರಿನ ಯಾವ ವೈದ್ಯರ ಬಳಿ ಡಿಸ್ಚಾರ್ಜ್ ಕಾಗದದ ಪ್ರತಿ ಇರುತ್ತದೆ? ಮನೆಯವರನ್ನು ಕೂರಿಸಿಕೊಂಡು ಇದಕ್ಕೆ ಉತ್ತರ ಸಿಕ್ಕಿದ ಮೇಲೆ ಸರ್ಜನ್ ಅವರನ್ನು ಕಾಣಿ. ಯಾವ ವಿಧಾನ ನಿಮಗೆ ಸರಿ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ಅವರೇ ಹೇಳಬೇಕು, ನನ್ನ ಅಂಕಣವಲ್ಲ.

ಸಿದ್ದಾಪುರದ ಆ ತಾಯಿಗೆ ಬಿ12 ಚುಚ್ಚುಮದ್ದು ಶುರುಮಾಡಿ ಎಂಟು ತಿಂಗಳಾಯಿತು. ಜೋಮು ಮೊಣಕಾಲಿನಿಂದ ಪಾದಕ್ಕೆ ಇಳಿದಿದೆ. ಬೆರಳುಗಳಲ್ಲಿ ಇನ್ನೂ ಇದೆ. ಹೋದ ವಾರ ಬಂದಾಗ ಎರಡು ಚಪ್ಪಲಿಯನ್ನೂ ಬಾಗಿಲ ಬಳಿ ತಾವೇ ಬಿಟ್ಟು ಒಳಗೆ ಬಂದರು.