ಲ್ಯಾಪ್‌ಟಾಪ್ ಮುಚ್ಚಿದರೆ ಸರ್ವರ್‌ನಲ್ಲಿ ಓಡುತ್ತಿರುವ ಸಿಮ್ಯುಲೇಷನ್ ನಿಂತುಹೋಗುತ್ತಾ?

ಪ್ರಶ್ನೆ: ನಾನು ಎಂ.ಟೆಕ್ ಓದುತ್ತಿದ್ದೇನೆ. ಹಾಸ್ಟೆಲ್‌ನಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಸುರಕ್ಷಿತವಾಗಿ ಹೋಗುವ ದಾರಿ) ಮೂಲಕ ಯೂನಿವರ್ಸಿಟಿ ಸರ್ವರ್‌ಗೆ ಲಾಗಿನ್ ಆಗಿ ಓಪನ್‌ಫೋಮ್ (ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್) ರನ್ ಹಾಕುತ್ತೇನೆ. ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ಬೆಳಗ್ಗೆ ರನ್ ನಿಂತಿರುತ್ತದೆ. ಲೆಕ್ಕ ಮಾಡುವುದು ಸರ್ವರ್ ತಾನೇ, ನನ್ನ ಲ್ಯಾಪ್‌ಟಾಪ್ ಯಾಕೆ ಆನ್ ಇರಬೇಕು?

ಇರಬೇಕಾಗಿಲ್ಲ. ತೊಂದರೆ ಇರುವುದು ರನ್ ಶುರು ಮಾಡಿದ ರೀತಿಯಲ್ಲಿ.

ನಾನೂ ಈ ಹಳ್ಳಕ್ಕೆ ಬಿದ್ದು ಎದ್ದವನೇ. ಕಾರಿನ ಮಾದರಿಯೊಂದರ ಸುತ್ತ ಗಾಳಿ ಹೇಗೆ ಹರಿಯುತ್ತದೆ ಅಂತ ನೋಡಬೇಕಿತ್ತು. ಸುತ್ತಲಿನ ಜಾಗವನ್ನು ಸುಮಾರು 40 ಲಕ್ಷ ಚಿಕ್ಕ ಸೆಲ್‌ಗಳಾಗಿ ಒಡೆದ ಮೆಶ್, 16 ಪ್ರೊಸೆಸರ್ ಕೋರ್. ರಾತ್ರಿ ಹನ್ನೊಂದಕ್ಕೆ ರನ್ ಹಾಕಿ, ರೆಸಿಡುವಲ್‌ಗಳು (ಲೆಕ್ಕದಲ್ಲಿ ಇನ್ನೂ ಉಳಿದಿರುವ ತಪ್ಪಿನ ಅಳತೆ) ಚೆನ್ನಾಗಿ ಇಳಿಯುತ್ತಿರುವುದನ್ನು ನೋಡಿ ಖುಷಿಯಾಗಿ ಮಲಗಿದೆ. ನಡುರಾತ್ರಿ ಕರೆಂಟ್ ಹೋಗಿ ಹಾಸ್ಟೆಲ್ ವೈಫೈ ಸತ್ತಿತು. ಬೆಳಗ್ಗೆ ಲಾಗ್ ಫೈಲ್ ತೆರೆದರೆ 412ನೇ ಇಟರೇಷನ್‌ಗೆ (ಇಟರೇಷನ್ ಅಂದರೆ ಲೆಕ್ಕದ ಒಂದು ಸುತ್ತು) ಮಾತು ನಿಂತಿದೆ. ಎರರ್ ಕೂಡ ಇಲ್ಲ. ಸಾಲ್ವರ್ (ಲೆಕ್ಕ ಮಾಡುವ ಪ್ರೋಗ್ರಾಂ) ತಾನಾಗಿ ಕ್ರ್ಯಾಶ್ ಆಗಿದ್ದರೆ ಕೆಳಗೆ ಉದ್ದಕ್ಕೂ ಬೈಗುಳ ಬರೆದಿಟ್ಟು ಸಾಯುತ್ತದೆ. ಹೀಗೆ ಸದ್ದಿಲ್ಲದೆ ನಿಂತಿದೆ ಅಂದರೆ ಹೆಚ್ಚಾಗಿ ಹೊರಗಿನಿಂದ ಯಾರೋ ಕೊಂದಿದ್ದಾರೆ ಅಂತಲೇ ಅರ್ಥ.

ಕೊಂದವರು ಯಾರು? ನೀವು ಲಾಗಿನ್ ಆದಾಗ ಸರ್ವರ್ ನಿಮಗೊಂದು ಶೆಲ್ (ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಕೊಡುತ್ತದೆ, ಅಲ್ಲಿ ಟೈಪ್ ಮಾಡಿದ ಪ್ರತಿ ಕಮಾಂಡ್ ಆ ಶೆಲ್‌ನ ಮಗು. ಕನೆಕ್ಷನ್ ಕಡಿದಾಗ ಶೆಲ್‌ಗೆ 'ಹ್ಯಾಂಗಪ್' ಅನ್ನುವ ಸಿಗ್ನಲ್ ಬರುತ್ತದೆ, ಶೆಲ್ ಅದನ್ನು ಮಕ್ಕಳಿಗೂ ದಾಟಿಸುತ್ತದೆ, ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಹೆಸರು ನೋಡಿ: ಟೆಲಿಫೋನ್ ಲೈನ್ ಮೇಲೆ ಮೋಡೆಮ್ ಇಟ್ಟು ಕಂಪ್ಯೂಟರ್ ಬಳಸುತ್ತಿದ್ದ ಕಾಲದ್ದು. ಆ ಕಡೆಯವರು ಫೋನ್ ಇಟ್ಟರು, ಇನ್ನು ಅವರ ಕೆಲಸ ಯಾಕೆ ಮಾಡೋದು ಅನ್ನುವ ಲೆಕ್ಕ.

ಕೆಲವು ಸಲ ಹತ್ತು ನಿಮಿಷ ಮುಚ್ಚಿಟ್ಟು ತೆರೆದರೂ ರನ್ ಓಡುತ್ತಲೇ ಇರುತ್ತದೆ, ಅಲ್ವಾ? ಲ್ಯಾಪ್‌ಟಾಪ್ ನಿದ್ದೆಗೆ ಹೋದದ್ದು ಸರ್ವರ್‌ಗೆ ಕೂಡಲೇ ಗೊತ್ತಾಗುವುದಿಲ್ಲ. ಕಳಿಸಿದ್ದಕ್ಕೆ ಉತ್ತರ ಬರಲಿಲ್ಲ ಅಂತ ಅದು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಲಿನಕ್ಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು ಕಾಲು ಗಂಟೆ ಹೀಗೆ ಕಾದು ಆಮೇಲೆ ಕೈಬಿಡುತ್ತದೆ. ಅದನ್ನು ನಂಬಿ ಮಲಗಬೇಡಿ.

ಪರಿಹಾರ ಟಿಮಕ್ಸ್ (tmux), ಕನೆಕ್ಷನ್ ಕಡಿದರೂ ಶೆಲ್ ಅನ್ನು ಸರ್ವರ್‌ನಲ್ಲೇ ಜೀವಂತ ಇಡುವ ಪ್ರೋಗ್ರಾಂ. ಲಾಗಿನ್ ಆದ ಕೂಡಲೇ ಟಿಮಕ್ಸ್ ಅಂತ ಟೈಪ್ ಮಾಡಿ, ತೆರೆದುಕೊಳ್ಳುವ ಶೆಲ್ ಒಳಗೆ ರನ್ ಹಾಕಿ. ಕಂಟ್ರೋಲ್ ಮತ್ತು ಬಿ ಒಟ್ಟಿಗೆ ಒತ್ತಿ, ಬಿಟ್ಟು, ಡಿ ಒತ್ತಿದರೆ ಹೊರಗೆ ಬರುತ್ತೀರಿ. ರನ್ ಒಳಗೇ ಓಡುತ್ತಿರುತ್ತದೆ, ಯಾಕೆಂದರೆ ಈಗ ಅದರ ಅಪ್ಪ ನಿಮ್ಮ ಲಾಗಿನ್ ಶೆಲ್ ಅಲ್ಲ. ನಾಳೆ 'ಟಿಮಕ್ಸ್ ಅಟ್ಯಾಚ್' (tmux attach) ಅಂದರೆ ಅದೇ ಪರದೆ ಮತ್ತೆ ಸಿಗುತ್ತದೆ. ಟಿಮಕ್ಸ್ ಇಲ್ಲದಿದ್ದರೆ ಅದೇ ಕೆಲಸ ಮಾಡುವ, 1987ರಿಂದ ಇರುವ ಸ್ಕ್ರೀನ್ (screen) ಇರಬಹುದು, ಅದೂ ಇಲ್ಲದಿದ್ದರೆ ಕಮಾಂಡ್‌ನ ಶುರುವಿನಲ್ಲಿ ನೋಹಪ್ (nohup, ಹ್ಯಾಂಗಪ್ ಕಡೆಗಣಿಸು ಅನ್ನುವ ಸೂಚನೆ) ಹಾಕಿ. ಕಮಾಂಡ್‌ನ ಕೊನೆಗೆ ಸುಮ್ನೆ ಒಂದು ಆಂಪರ್ಸೆಂಡ್ (&) ಹಾಕಿದರೆ ಸಾಕು ಅಂತ ಸೀನಿಯರ್‌ಗಳು ಹೇಳುತ್ತಾರೆ. ಅದು ರನ್ ಅನ್ನು ಹಿನ್ನೆಲೆಗೆ ತಳ್ಳುತ್ತದೆ ಅಷ್ಟೇ, ಹ್ಯಾಂಗಪ್‌ನಿಂದ ಕಾಪಾಡುವುದಿಲ್ಲ.

ಆನ್ಸಿಸ್ ಫ್ಲೂಯೆಂಟ್ (ಹರಿವು ಲೆಕ್ಕ ಹಾಕುವ ಇನ್ನೊಂದು ಸಾಫ್ಟ್‌ವೇರ್) ಥರದ್ದನ್ನು ವಿಂಡೋ ಸಮೇತ ಎಸ್‌ಎಸ್‌ಎಚ್ ಮೇಲೆ ತೆರೆಯುವವರಿಗೆ ಟಿಮಕ್ಸ್ ಕೂಡ ಆಗಿಬರುವುದಿಲ್ಲ. ವಿಂಡೋ ಮೂಡುವುದು ನಿಮ್ಮ ಲ್ಯಾಪ್‌ಟಾಪ್ ಪರದೆಯ ಮೇಲೆ, ಅದು ಹೋದರೆ ಪ್ರೋಗ್ರಾಂ ಹೋಗುತ್ತದೆ. ಕೇಸ್ ಫೈಲ್ (ಲೆಕ್ಕದ ಸೆಟಪ್ ಇರುವ ಫೈಲ್) ರೆಡಿ ಮಾಡಿ, ಮಾಡಬೇಕಾದ ಹೆಜ್ಜೆಗಳನ್ನು ಜರ್ನಲ್ ಫೈಲ್‌ನಲ್ಲಿ ಬರೆದು, ವಿಂಡೋ ಇಲ್ಲದೆ ಓಡಿಸಿ. ಮೊದಲ ಸಲ ಬೇಜಾರು, ಆಮೇಲೆ ಇದೇ ಹಿತ.

ಇದೆಲ್ಲ ಡಿಪಾರ್ಟ್‌ಮೆಂಟ್ ಮೂಲೆಯಲ್ಲಿರುವ ಒಂಟಿ ಸರ್ವರ್‌ನ ಮಾತು. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್‌ಗೆ ಅಕೌಂಟ್ ಸಿಕ್ಕಿದರೆ ದಾರಿ ಬೇರೆ. ನೀವು ಇಳಿಯುವ ಲಾಗಿನ್ ನೋಡ್ ಬರೀ ಪಡಸಾಲೆ, ಅಲ್ಲಿ ರನ್ ಹಾಕಿದರೆ ಅಡ್ಮಿನ್‌ನಿಂದ ಬೈಸಿಕೊಳ್ಳುತ್ತೀರಿ. ಎಷ್ಟು ಕೋರ್, ಎಷ್ಟು ಗಂಟೆ ಅಂತ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು ಕ್ಯೂಗೆ ಕೊಟ್ಟು ಬಂದರೆ ಸರದಿ ಬಂದಾಗ ಅದಾಗಿಯೇ ಓಡುತ್ತದೆ, ನಿಮ್ಮ ಕನೆಕ್ಷನ್ ಇದ್ದರೂ ಬಿಟ್ಟರೂ. ಆದರೆ ಕೇಳಿದ ಗಂಟೆ ಮುಗಿದರೆ ಅರ್ಧಕ್ಕೇ ಕತ್ತರಿಸುತ್ತದೆ.

ಅದಕ್ಕೇ ಎಲ್ಲೇ ಓಡಿಸಿದರೂ ನಡುನಡುವೆ ಫಲಿತಾಂಶವನ್ನು ಡಿಸ್ಕ್‌ಗೆ ಬರೆಯುವ ಹಾಗೆ ಇಡಿ. ನಾನು ಓಪನ್‌ಫೋಮ್‌ನ ಸೆಟ್ಟಿಂಗ್ ಫೈಲ್ ಆದ ಕಂಟ್ರೋಲ್‌ಡಿಕ್ಟ್‌ನಲ್ಲಿ (controlDict) 1000 ಇಟರೇಷನ್‌ಗೆ ಒಮ್ಮೆ ಬರೆಯಲು ಹೇಳಿದ್ದೆ, 412ಕ್ಕೆ ಸತ್ತಿತು, ಮತ್ತೆ ಸೊನ್ನೆಯಿಂದ. 100ಕ್ಕೊಮ್ಮೆ ಬರೆಸಿ 'ಲೇಟೆಸ್ಟ್‌ಟೈಮ್'ನಿಂದ (latestTime, ಕೊನೆಗೆ ಬರೆದಿಟ್ಟ ಹಂತ) ಶುರುವಾಗಲಿ ಅಂತ ಇಟ್ಟಿದ್ದರೆ 400ರಿಂದ ಮುಂದುವರಿಸಬಹುದಿತ್ತು. ಡಿಸ್ಕ್ ತುಂಬುವ ಭಯ ಇದ್ದರೆ ಅದೇ ಫೈಲ್‌ನಲ್ಲಿ ಪರ್ಜ್‌ರೈಟ್ (purgeWrite) 2 ಅಂತ ಕೊಡಿ, ಕೊನೆಯ ಎರಡನ್ನು ಮಾತ್ರ ಉಳಿಸಿಕೊಳ್ಳುತ್ತದೆ.

ದೊಡ್ಡ ರನ್ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಕೆಲವು ಸರ್ವರ್‌ಗಳಲ್ಲಿ ನೀವು ಲಾಗೌಟ್ ಆದ ಕೂಡಲೇ ನಿಮ್ಮ ಹೆಸರಿನಲ್ಲಿ ಓಡುತ್ತಿರುವ ಎಲ್ಲವನ್ನೂ, ಟಿಮಕ್ಸ್ ಸಮೇತ, ಗುಡಿಸಿಹಾಕುವ ಸೆಟ್ಟಿಂಗ್ ಇರುತ್ತದೆ. ಟಿಮಕ್ಸ್ ಒಳಗೆ ಒಂದು ಚಿಕ್ಕ ಕೇಸ್ ಓಡಿಸಿ, ಹೊರಗೆ ಬಂದು, ಪೂರ್ತಿ ಲಾಗೌಟ್ ಆಗಿ, ಮೆಸ್‌ಗೆ ಹೋಗಿ ಕಾಫಿ ಕುಡಿದು ಬಂದು ಅಟ್ಯಾಚ್ ಮಾಡಿ ನೋಡಿ. ಸೆಷನ್ ಇಲ್ಲ ಅಂದರೆ ಅಡ್ಮಿನ್ ಹತ್ತಿರ ಹೋಗಿ. ಇದ್ದರೆ ಮುಚ್ಚಿ ಮಲಗಿ.