ಅಜರ್ಬೈಜಾನಿ ಕಲಿಯುವವರಿಗೆ ಊಟದ ಪಾಠ: ದೋಲ್ಮಾಸಿ, ದೋಲ್ಮಾನಿ, ದೋಲ್ಮಾಸಿನಿ

ಊಟದ ಪದಗಳನ್ನು ಬಾಯಿಪಾಠ ಮಾಡುವುದು ಕಷ್ಟವಿಲ್ಲ. ಚೊರ್ಯಾಕ್ ಅಂದರೆ ರೊಟ್ಟಿ, ಸು ಅಂದರೆ ನೀರು, ಆ್ಯತ್ ಅಂದರೆ ಮಾಂಸ, ಚಾಯ್ ಅಂತೂ ಹೇಳಿಕೊಡಬೇಕಾಗಿಯೇ ಇಲ್ಲ. ಕ್ಯೂ ಅಕ್ಷರ ಕಂಡರೆ 'ಗ' ಅಂತ ಓದಿ, ಅಷ್ಟೇ. ತಲೆ ತಿರುಗುವುದು ಮೆನು ಓದಲು ಕೂತಾಗ. ನಮಗೆ ಗೊತ್ತಿರುವ ಪದಕ್ಕೇ ಅಲ್ಲಿ ಒಂದು ಬಾಲ ಅಂಟಿಕೊಂಡಿರುತ್ತದೆ.

ದೋಲ್ಮಾ ಅನ್ನುವುದು ಪಾಠದಲ್ಲಿ ಬಂದಿರುತ್ತದೆ. ಮೆನುವಿನಲ್ಲಿ ಮಾತ್ರ 'ಯಾರ್ಪಾಗ್ ದೋಲ್ಮಾಸಿ' ಅಂತ ಇರುತ್ತದೆ, ಅಂದರೆ ಕೊಚ್ಚಿದ ಮಾಂಸ, ಅಕ್ಕಿ, ಸೊಪ್ಪು ಸೇರಿಸಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದ್ದು. ಎಲೆಕೋಸಿನಲ್ಲಿ ಸುತ್ತಿದರೆ 'ಕ್ಯಾಲ್ಯಾಮ್ ದೋಲ್ಮಾಸಿ'. ಕೋಳಿಯ ಪ್ಲೋವ್ 'ತೊಯುಗ್ ಪ್ಲೋವು'. ನಾವು 'ಕೋಳಿಯ ಪಲಾವ್' ಅನ್ನುವಾಗ ಪ್ರತ್ಯಯ ಮೊದಲ ಪದಕ್ಕೆ ಬೀಳುತ್ತದೆ, ಅಲ್ವಾ? ಅವರಲ್ಲಿ ಅದು ಎರಡನೇ ಪದಕ್ಕೆ. ಕೋಳಿ ಹಾಗೇ ಇರುತ್ತದೆ, ಪ್ಲೋವ್ ಬಾಲ ಹಚ್ಚಿಕೊಳ್ಳುತ್ತದೆ. ಸ್ವರದಲ್ಲಿ ಮುಗಿಯುವ ಪದವಾದರೆ ನಡುವೆ ಒಂದು 'ಸ' ಬರುತ್ತದೆ, ವ್ಯಂಜನದಲ್ಲಿ ಮುಗಿದರೆ ಬರೀ ಸ್ವರ. 'ತ್ಯಾಂದಿರ್ ಚೊರ್ಯಾಯಿ', ಅಂದರೆ ತಂದೂರಿ ರೊಟ್ಟಿ, ಇಲ್ಲಿ ಚೊರ್ಯಾಕ್‌ನ 'ಕ' ಕರಗಿ 'ಯ' ಆಗಿದೆ. ಲ್ಯುಲ್ಯಾ ಕಬಾಬ್, ಶಾಹ್ ಪ್ಲೋವ್ ಥರದ ಹೆಸರುಗಳಿಗೆ ಬಾಲವಿಲ್ಲ, ಅವನ್ನು ಇದ್ದ ಹಾಗೇ ನೆನಪಿಡಿ.

ಇಷ್ಟು ಸರಿ. ಈಗ ನನ್ನನ್ನು ಜಾಸ್ತಿ ಕಾಡಿದ ಭಾಗ. 'ಪ್ಲೋವು ಯೆದಿಮ್' ಅಂದರೂ ಅದೇ 'ಪ್ಲೋವು'. ಇಲ್ಲಿ ಕೋಳಿಯೂ ಇಲ್ಲ, ಏನೂ ಇಲ್ಲ. ಅರ್ಥ 'ಆ ಪ್ಲೋವನ್ನು ತಿಂದೆ'. ಅಂದರೆ ಈ ಬಾಲ ನಮ್ಮ 'ಅನ್ನು'. ಎರಡೂ ಬಾಲಗಳ ರೂಪ ಒಂದೇ, ಕೆಲಸ ಬೇರೆ ಬೇರೆ. ಇದನ್ನು ಬಿಡಿಸಲು ನಾನು ಹಿಡಿದ ದಾರಿ: ಅನುಮಾನ ಬಂದಾಗಲೆಲ್ಲ ಆ ಜಾಗದಲ್ಲಿ ದೋಲ್ಮಾ ಇಟ್ಟು ನೋಡುವುದು. ದೋಲ್ಮಾ ಸ್ವರದಲ್ಲಿ ಮುಗಿಯುವುದರಿಂದ ಗುಟ್ಟು ಬಿಟ್ಟುಕೊಡುತ್ತದೆ. 'ದೋಲ್ಮಾಸಿ' ಆದರೆ ಹಿಂದೆ ಇನ್ನೊಂದು ಪದ ಇದೆ, ಇದು ಖಾದ್ಯದ ಹೆಸರು. 'ದೋಲ್ಮಾನಿ' ಆದರೆ ಅದು 'ದೋಲ್ಮಾವನ್ನು'. ಎರಡೂ ಬೇಕಾದರೆ ಒಂದರ ಹಿಂದೆ ಒಂದು: 'ಯಾರ್ಪಾಗ್ ದೋಲ್ಮಾಸಿನಿ ಯೆದಿಮ್', 'ತೊಯುಗ್ ಪ್ಲೋವುನು ಯೆದಿಮ್'. 'ಸ' ಕಂಡರೆ ಹೆಸರು, 'ನ' ಕಂಡರೆ 'ಅನ್ನು'. ಸುಮ್ನೆ ಹತ್ತು ಸಲ ಜೋರಾಗಿ ಹೇಳಿ ನೋಡಿ, ಕೂತುಬಿಡುತ್ತದೆ.

ಕನ್ನಡದವರಿಗೆ ಇಲ್ಲೊಂದು ಲಾಭವೂ ಇದೆ. ನಾವು 'ಟೀ ಕುಡಿದೆ' ಅನ್ನುತ್ತೇವೆ, ಒಂದು ನಿರ್ದಿಷ್ಟ ಟೀ ಆದರೆ ಮಾತ್ರ 'ಆ ಟೀಯನ್ನು ಕುಡಿದೆ'. ಅವರೂ ಹಾಗೇ. ಆರ್ಡರ್ ಕೊಡುವಾಗ ಇಂಥದ್ದೇ ತಟ್ಟೆ ಅಂತ ಇರುವುದಿಲ್ಲವಲ್ಲ, ಅದಕ್ಕೇ 'ಯಾರ್ಪಾಗ್ ದೋಲ್ಮಾಸಿ ಇಸ್ತ್ಯಾಯಿರ್ಯಾಮ್' (ನನಗೆ ಎಲೆಯ ದೋಲ್ಮಾ ಬೇಕು) ಸಾಕು, 'ನಿ' ಬೇಡ.

ಇನ್ನು ತಟ್ಟೆಯ ವಿಷಯ. ಅವರ ಪ್ಲೋವ್‌ನಲ್ಲಿ ಅನ್ನ ಬೇರೆ, ಮೇಲೆ ಹಾಕಿಕೊಳ್ಳುವ ಮಾಂಸ, ಒಣಹಣ್ಣು ಬೇರೆ. ಎರಡನ್ನೂ ಬೇರೆಬೇರೆ ಪಾತ್ರೆಯಲ್ಲಿ ಬೇಯಿಸಿ ಬಡಿಸುವಾಗ ಸೇರಿಸುತ್ತಾರೆ. ಅನ್ನಕ್ಕೆ ಕೇಸರಿ, ತಳದಲ್ಲಿ 'ಗಾಜ್ಮಾಗ್' ಅನ್ನುವ ಗರಿಗರಿ ಪದರ. ಶಾಹ್ ಪ್ಲೋವ್‌ನಲ್ಲಿ ಇಡೀ ಪ್ಲೋವನ್ನು ಲವಾಶ್ ರೊಟ್ಟಿಯಲ್ಲಿ ಮುಚ್ಚಿ ಬೇಯಿಸುತ್ತಾರೆ.

ಶ್ಯಾಕಿ ಊರಿನ ಪಿತಿ ನನಗೆ ಬಲು ಇಷ್ಟವಾದ ಪಾಠ, ಏಕೆಂದರೆ ತಿನ್ನುವ ಕ್ರಮ ಗೊತ್ತಿಲ್ಲದಿದ್ದರೆ ತಿನ್ನಲು ಹೊರಡುವುದೇ ಕಷ್ಟ. ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಮಣ್ಣಿನ ಗಡಿಗೆ. ಒಳಗೆ ಕುರಿಮಾಂಸ, ಕಡಲೆಕಾಳು, ಕುರಿಯ ಬಾಲದ ಕೊಬ್ಬು. ಮೊದಲು ರೊಟ್ಟಿಯನ್ನು ಚೂರು ಮಾಡಿ ಬಟ್ಟಲಿಗೆ ಹಾಕಿ, ಗಡಿಗೆಯ ಸಾರನ್ನು ಮಾತ್ರ ಅದರ ಮೇಲೆ ಬಗ್ಗಿಸಿ, ಹುಳಿ ರುಚಿಯ ಸುಮಾಖ್ ಪುಡಿ ಉದುರಿಸಿ ತಿನ್ನಬೇಕು. ಅದು ಮುಗಿದ ಮೇಲೆ ಗಡಿಗೆಯಲ್ಲಿ ಉಳಿದ ಮಾಂಸ, ಕಾಳನ್ನು ಬಟ್ಟಲಿಗೆ ಸುರಿದು ಮಸೆದು ತಿನ್ನುವುದು. ಒಂದೇ ಗಡಿಗೆ, ಎರಡು ಊಟ.

ಚಹಾ ಇಲ್ಲದೆ ಮನೆಗೆ ಬಂದವರ ಉಪಚಾರ ಆಗುವುದೇ ಇಲ್ಲ. ನಡು ಸಣ್ಣಗಿರುವ 'ಅರ್ಮುದು' ಗಾಜಿನ ಲೋಟ, ಹಿಡಿ ಇಲ್ಲ, ಕೆಳಗೆ ತಟ್ಟೆ. ಹಾಲಿಲ್ಲದ ಕಪ್ಪು ಚಹಾ. ಸಕ್ಕರೆಯನ್ನು ಲೋಟಕ್ಕೆ ಕಲಸುವ ಬದಲು ಗಟ್ಟಿ ತುಂಡನ್ನು ಅದ್ದಿ, ಕಚ್ಚಿ, ಮೇಲೆ ಚಹಾ ಹೀರುತ್ತಾರೆ. ಪಕ್ಕದಲ್ಲಿ ಹಣ್ಣಿನ ಮುರಬ್ಬಾ ಇರುತ್ತದೆ, ಅದನ್ನೂ ಚಮಚದಲ್ಲಿ ಬೇರೆಯಾಗಿಯೇ ತಿನ್ನುವುದು. ಹೆಣ್ಣು ಕೇಳಲು ಹೋದಾಗ ಮಾತ್ರ ಸಿಹಿ ಬೆರೆಸಿದ ಚಹಾ ಬಂದರೆ ಹೆಣ್ಣಿನ ಮನೆಯವರು ಒಪ್ಪಿದರು ಅಂತ ಲೆಕ್ಕ. ಯುನೆಸ್ಕೋ ಪಟ್ಟಿಗೆ ಅವರ ದೋಲ್ಮಾ ಪರಂಪರೆ 2017ರಲ್ಲಿ ಸೇರಿತು, ಚಹಾ ಸಂಸ್ಕೃತಿ 2022ರಲ್ಲಿ ಟರ್ಕಿಯ ಜೊತೆಗೆ.

ರೊಟ್ಟಿಗೆ ಬಹಳ ಗೌರವ. ಕೆಳಗೆ ಬಿದ್ದ ಚೂರನ್ನು ಹಾಗೇ ಬಿಡುವುದಿಲ್ಲ, ಎತ್ತಿ ಬದಿಗಿಡುತ್ತಾರೆ.

ಊಟದ ಜೊತೆ ಎರಡೇ ಮಾತು ಸಾಕು. ತಿನ್ನುವವರಿಗೆ 'ನುಶ್ ಒಲ್ಸುನ್', ಅಂದರೆ ಊಟ ಹಿತವಾಗಲಿ. ಅಡುಗೆ ಮಾಡಿದವರಿಗೆ 'ಆ್ಯಲಿನಿಜ್ಯಾ ಸಾಗ್ಲಿಗ್'. ಆ್ಯಲ್ ಅಂದರೆ ಕೈ, 'ಇನಿಜ್' ಅಂದರೆ ನಿಮ್ಮ, ಕೊನೆಯ 'ಆ್ಯ' ನಮ್ಮ 'ಗೆ': ನಿಮ್ಮ ಕೈಗೆ ಆರೋಗ್ಯ. ಇದಕ್ಕೆ ಮನೆಯವರು ಕೊಡುವ ಉತ್ತರವೂ 'ನುಶ್ ಒಲ್ಸುನ್' ಆಗಿರುವುದರಿಂದ ಆ ಮಾತನ್ನೇ ಮೊದಲು ಕಲಿಯಿರಿ. ಹಿರಿಯರಿಗೆ, ಹೊಸಬರಿಗೆ 'ಇನಿಜ್' ಇರಲೇಬೇಕು. ಸ್ನೇಹಿತನ ಮನೆಯಲ್ಲಾದರೆ 'ಆ್ಯಲಿನ್ಯಾ ಸಾಗ್ಲಿಗ್' ಅಂದರೆ ನಡೆಯುತ್ತದೆ.